ಎಳನೀರು ತೋಟದ ಕ್ಯಾಮೆರಾಗಳು

ಆ ವರ್ಷದ ಡೈರಿಯಲ್ಲಿ ಒಂದೇ ಸಾಲು ಮೂರು ಸಲ ಇದೆ: ‘ಮಿತಿ ಹಾಕೋಣ ಎಂದೆ. ಬೇಡ ಎಂದರು.’

ಮದ್ದೂರಿನ ಸಣ್ಣ ಇಂಟರ್ನೆಟ್ ಕಚೇರಿಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವಳು ನಾನು. ಮಳವಳ್ಳಿಯವರೆಗೂ ನಮ್ಮದೇ ಕೇಬಲ್. ಯಾರಾದರೂ ಬೇಕೆಂದೇ ಸುಳ್ಳು ಸಂದೇಶ ತುಂಬಿಸಿದರೆ ಎಲ್ಲರ ಲೈನೂ ಕಟ್ಟಿಕೊಳ್ಳುತ್ತದೆ. ಒಂದೊಂದು ಸಂಪರ್ಕಕ್ಕೂ ಮಿತಿಯಿರಲಿ, ತೋಟದ ಕ್ಯಾಮೆರಾಗಳಿಗೆ ಬೇರೆ ದಾರಿಯಿರಲಿ ಎಂದು ನಕ್ಷೆ ಬರೆದುಕೊಟ್ಟಿದ್ದೆ. ಯಜಮಾನರು ಅದರ ಮೇಲೆ ಟೀ ಲೋಟ ಇಟ್ಟರು.

“ಮದ್ದೂರ್ಗೆ ಯಾವನ್ ಬತ್ತಾನೆ ಕಣಮ್ಮ, ಎಳ್ನೀರ್ ಕದಿಯೋನ್ ಬುಟ್ರೆ?”

ಆ ಕಳ್ಳರ ಕಾಟಕ್ಕೇ ಆತಗೂರು, ನಿಡಘಟ್ಟದ ಕಡೆಯ ತೋಟಗಳಲ್ಲಿ ಕ್ಯಾಮೆರಾ ಬಂದಿದ್ದು. ಹಾಕಿಕೊಟ್ಟವರು ನಾವೇ.

ಮಳವಳ್ಳಿಯಲ್ಲಿರುವ ಅಕ್ಕನಿಗೆ ಕೈಗೂಸು. ಮನೆಯಿಂದಲೇ ಮಾಡುವ ಕೆಲಸವೊಂದಕ್ಕೆ ಆನ್‌ಲೈನ್ ಪರೀಕ್ಷೆ ಬರೆಯುವವಳಿದ್ದಳು. ಮಧ್ಯದಲ್ಲಿ ಸಂಪರ್ಕ ಕಡಿದರೆ ಮತ್ತೆ ಅವಕಾಶವಿಲ್ಲ ಎಂದು ಮೊದಲೇ ತಿಳಿಸಿದ್ದರು. ಸೋಮವಾರ ಹನ್ನೊಂದಕ್ಕೆ ಶುರುವಾಯಿತು. ಹನ್ನೊಂದು ಇಪ್ಪತ್ತಕ್ಕೆ ನಮ್ಮ ಲೈನೆಲ್ಲ ಸತ್ತಿತು. ಎರಡು ನಿಮಿಷಕ್ಕೆ ಅಕ್ಕನ ಫೋನು.

“ಓಯ್ತು ಕಣೆ. ಅದ್ನಾಲ್ಕ್ ಪ್ರಶ್ನೆ ಮಾಡಿದ್ದೆ.”

ಯಜಮಾನರು ‘ಹೊರದೇಶದವರ ದಾಳಿ’ ಎಂದು ಗ್ರಾಹಕರಿಗೆಲ್ಲ ಮೆಸೇಜು ಕಳಿಸಿದರು. ದಾಖಲೆ ತೆಗೆದು ನೋಡಿದರೆ ಸುಳ್ಳು ಸಂದೇಶಗಳ ಪ್ರವಾಹ ಒಳಗೆ ಬಂದಿರಲಿಲ್ಲ, ನಮ್ಮಿಂದ ಹೊರಗೆ ಹೋಗಿತ್ತು. ನಲವತ್ತಾರು ಕ್ಯಾಮೆರಾಗಳು ಯಾರದೋ ವಶವಾಗಿ, ಎಲ್ಲಿಯದೋ ವೆಬ್‌ಸೈಟನ್ನು ಒಟ್ಟಿಗೆ ಬಡಿಯುತ್ತಿದ್ದವು. ಎಲ್ಲದಕ್ಕೂ ಕಂಪನಿಯಿಂದ ಬಂದ ಅದೇ ಪಾಸ್‌ವರ್ಡ್. ತೋಟದವರು ಮರೆತರೆ ಮತ್ತೆ ಅಲ್ಲಿಗೆ ಓಡಬೇಕಲ್ಲ ಎಂದು ಅದನ್ನು ಬದಲಿಸದೆ ಬರುವುದು ನಮ್ಮ ಕಚೇರಿಯ ರೂಢಿ.

ಯಾವ ಕ್ಯಾಮೆರಾ ಯಾರು ಹಾಕಿದರೆಂದು ಸಹಿಯಿರುವ ಪಟ್ಟಿ ಒಯ್ದು ಯಜಮಾನರ ಮುಂದೆ ಕುಕ್ಕಿದೆ. “ಇವ್ರೇ ನೋಡಿ ಸಾರ್ ನಿಮ್ಮ ಹೊರದೇಶದವರು.”

ಅವರು ನಿಧಾನಕ್ಕೆ ಬೆರಳಿಟ್ಟು ಓದಿದರು. “ಅನ್ನೆರಡ್ ಕ್ಯಾಮೆರಾ ಮುಂದೆ ನಿನ್ ಸೈನೇ ಅದಲ್ಲಮ್ಮ.”

ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತೋಟ ಸುತ್ತಿದವಳು ನಾನೇ. ಅವರ ಮೇಲಿನ ಸಿಟ್ಟು ಅದರಿಂದ ಒಂದಿಷ್ಟೂ ಇಳಿಯಲಿಲ್ಲ. ಕೇಳದೆಯೇ ಮಿತಿ ಹಾಕಿದೆ. ಮೂರು ದಿನ ಸ್ಕೂಟರಿನಲ್ಲಿ ಅಲೆದು ನಲವತ್ತಾರರ ಪಾಸ್‌ವರ್ಡನ್ನೂ ಬದಲಿಸಿದೆ. ಆಮೇಲೆ ಮಳವಳ್ಳಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ.

ಅವಳು ಮಗುವಿನ ಬೆನ್ನು ತಟ್ಟುತ್ತಿದ್ದಳು. “ಒಂದ್ ಪಾಸ್‌ವರ್ಡ್ ಬದ್ಲಾಯ್ಸೋಕೆ ಎಷ್ಟೊತ್ತು?”

“ಎರಡು ನಿಮಿಷ.”

ಅಂದಿನ ಡೈರಿಯಲ್ಲಿ ಇಷ್ಟೇ ಇದೆ: ‘ನನ್ನವು ಹನ್ನೆರಡು. ಇಪ್ಪತ್ತನಾಲ್ಕು ನಿಮಿಷ.’