ಆಮೇಲಪ್ಪನ ಕಂಪ್ಯೂಟರು

ಕಿವಿ ಮಿಷನ್ ಮಾರುವ ಈ ಅಂಗಡಿಯವರನ್ನು ಓಣಿಯೆಲ್ಲ ಕರೆಯುವುದು ಆಮೇಲಪ್ಪ ಎಂದು. ಹೊಸ ಸಿಸ್ಟಮ್ ಹಾಕಲೇ ಎಂದು ಕಂಪ್ಯೂಟರು ಕೇಳಿದಾಗಲೆಲ್ಲ ‘ಆಮೇಲೆ’ ಒತ್ತಿ ಒತ್ತಿ ಅವರ ಮೌಸಿನ ಎಡಭಾಗ ಸವೆದು ಕುಳಿ ಬಿದ್ದಿದೆ. ಆ ಡಬ್ಬ ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ಅವರು ಕಸ ಗುಡಿಸಿ, ಚಹಾ ಕುಡಿದು, ಪೇಪರನ್ನು ನಿಧನವಾರ್ತೆಯವರೆಗೂ ಓದಿ ಮುಗಿಸಿರುತ್ತಾರೆ. ಕಂಪ್ಯೂಟರ್ ರಿಪೇರಿ ಮಾಡುವ ಅಕ್ಕನ ಮಗಳು ಒಂದು ದಿನ ಬಂದು ನೋಡಿದವಳೇ ದಂಗಾದಳು. “ಮಾವ, ಇದಕ್ಕೆ ಕಂಪನಿಯವರೇ ಎಳ್ಳುನೀರು ಬಿಟ್ಟಾಯ್ತು. ಹೊಸದು ಹಾಕ್ತೀನಿ.” “ಹೊಸದರಲ್ಲಿ ನನ್ನ ಕಿವಿ ಮಿಷನ್ ಸರಿಮಾಡೋ ಪ್ರೋಗ್ರಾಂ ಓಡಲ್ಲ ಕಣೇ.” “ಅಂಗಡಿ ತುಂಬ ಹೊಸ ಮಿಷನ್ ಇದೆಯಲ್ಲ, ಒಂದು ಹಾಕ್ಕೊಳ್ಳಿ” ಎನ್ನುತ್ತ ಅವಳು ‘ಈಗಲೇ ಹಾಕು’ ಒತ್ತಲು ಹೋದಾಗ ಅವರು ಆ ಬೆರಳನ್ನೇ ಹಿಡಿದು ತಮ್ಮ ಕಿವಿಯ ಹಿಂದೆ ಇಟ್ಟರು. ಚರ್ಮದಡಿ ಕೋಟಿನ ಗುಂಡಿಯಷ್ಟು ಗಟ್ಟಿಯಾದದ್ದೇನೋ ತಾಗಿತು. “ನನ್ನ ಮಿಷನ್ ಬುರುಡೆ ಕೊರೆದು ಕೂರಿಸಿದ್ದು. ಇದೂ ಆ ಕಾಲದ್ದೇ. ಇದರ ಭಾಷೆ ಬರೋದು ಈ ಡಬ್ಬಕ್ಕೊಂದೇ.” ಪರದೆ ಮತ್ತೆ ಕೇಳಿದಾಗ, ಸವೆದ ಆ ಕುಳಿಯಲ್ಲಿ ಬೆರಳಿಟ್ಟು ಅವಳೇ ‘ಆಮೇಲೆ’ ಒತ್ತಿದಳು.