ಬಟ್ಟಲಿಲ್ಲದ ಕಾಫಿ

ಚಿಕ್ಕಮಾವನ ಎಡ ಹುಬ್ಬು ಬಲ ಹುಬ್ಬಿಗಿಂತ ಸದಾ ಒಂದಿಷ್ಟು ಮೇಲೇರಿಯೇ ಇರುತ್ತಿತ್ತು. ನಮ್ಮೂರ ಪಕ್ಕದ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಎಚ್.ಆರ್. ಮ್ಯಾನೇಜರ್ ಆಗಿ ಜನರನ್ನು ಇಂಟರ್‌ವ್ಯೂ ಮಾಡಿ ಮಾಡಿ ಅದು ಅಲ್ಲೇ ನಿಂತುಬಿಟ್ಟಿತ್ತೇನೋ. ರಿಟೈರ್ ಆದ ಮೇಲೂ ಇಳಿಯಲಿಲ್ಲ. ಬಟವಾಡಿಯ ನಮ್ಮ ಮನೆಗೆ ಹೂವು ತರುವವಳನ್ನೂ ಆ ಹುಬ್ಬಿನಡಿಯಿಂದಲೇ ನೋಡುತ್ತಿದ್ದರು.

ಕೆಲಸ ಕೇಳಿ ಬಂದವರಿಗೂ ಮನೆಗೆ ಬಂದವರಿಗೂ ಅವರ ಪರೀಕ್ಷೆ ಒಂದೇ. ಹೊಗೆಯಾಡುವ ಕಾಫಿಯನ್ನು ಸ್ಟೀಲ್ ಲೋಟದಲ್ಲಿ, ಆರಿಸಿಕೊಳ್ಳಲು ಬಟ್ಟಲು ಕೊಡದೆ ಮುಂದಿಡುವುದು.

"ಸರ್ಟಿಫಿಕೇಟು ಓದಿದ್ದನ್ನ ಹೇಳುತ್ತೆ ಕಣಮ್ಮ. ಕಾಂಪಿಟೆನ್ಸ್ ಅಂದ್ರೆ, ಕೆಲ್ಸಕ್ಕೆ ಏನು ಬೇಕು ಅಂತ ತಿಳ್ಕೊಳ್ಳೋದು, ಇಲ್ದಿದ್ರೆ ಬಾಯ್ಬಿಟ್ಟು ಕೇಳೋದು. ಬಟ್ಟಲು ಕೇಳೋಕೆ ನಾಚ್ಕೊಳ್ಳೋನು ನಾಳೆ ಮಷಿನ್ ಕೆಟ್ರೂ ಸುಮ್ನೆ ಕೂತಿರ್ತಾನೆ!"

ಅವರ ಅಣ್ಣನ ಮಗನನ್ನು ಮದುವೆಯಾಗಿ ಹೊಸ ಸೊಸೆಯಾಗಿ ಬಂದಾಗ ನಾನೂ ಬಟ್ಟಲು ಕೇಳಿರಲಿಲ್ಲ. ಬೇರೆಯವರ ಮನೆಯಲ್ಲಿ ಏನನ್ನೂ ಕೇಳಬಾರದೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ನಗುನಗುತ್ತಲೇ ಕುಡಿದೆ. "ಟ್ರೈನಿಂಗ್ ಬೇಕು" ಎಂದು ಅತ್ತೆಗೆ ವರದಿ ಹೋಯಿತು.

ಆಮೇಲೆ ಅವರ ಮಗಳನ್ನು, ಅಂದರೆ ನನ್ನ ನಾದಿನಿಯನ್ನು, ನೋಡಲು ಗುಬ್ಬಿಯ ಹುಡುಗ ಬಂದ. ಇಬ್ಬರಿಗೂ ಒಂದೇ ಬ್ಯಾಂಕಿನಲ್ಲಿ ಕೆಲಸ. ಮನಸ್ಸು ಆಗಲೇ ಕೂಡಿತ್ತು.

"ಅತ್ತಿಗೆ, ಕಾಫಿ ಸ್ವಲ್ಪ ಆರ್ಸಿ ಕೊಡಿ. ಅವ್ರಿಗೆ ಸಂಕೋಚ ಜಾಸ್ತಿ. ಫೇಲ್ ಆದ್ರೆ ಅಪ್ಪ ಒಪ್ಪಲ್ಲ" ಎಂದು ಅವಳು ನನ್ನ ಸೆರಗು ಹಿಡಿದಳು. ಆರಿಸುವುದೆಲ್ಲಿ? ಕಾಫಿ ಲೋಟಕ್ಕೆ ಬೀಳುವವರೆಗೂ ಚಿಕ್ಕಮಾವ ಒಲೆಯ ಪಕ್ಕದಿಂದ ಅಲ್ಲಾಡಲಿಲ್ಲ.

ಹುಡುಗ ಲೋಟ ಮುಟ್ಟಿ ಬೆರಳು ಹಿಂದಕ್ಕೆಳೆದುಕೊಂಡ. ಮೆಲ್ಲಗೆ ಬ್ಯಾಗಿನ ಜಿಪ್ ಎಳೆದ. ಒಳಗಿಂದ ಬಟ್ಟಲೊಂದನ್ನು ತೆಗೆದು, ಕಾಫಿ ಸುರಿದು ಆರಿಸತೊಡಗಿದ.

"ಕ್ವೆಶ್ಚನ್ ಪೇಪರ್ ಲೀಕ್ ಮಾಡ್ದೋರ್ಯಾರು?" ಚಿಕ್ಕಮಾವ ಗುಡುಗಿದರು.

"ಗುಬ್ಬೀಲಿ ಎಲ್ರಿಗೂ ಗೊತ್ತು ಸಾರ್. ನಮ್ಮ ಬೀದೀಲೇ ಎಷ್ಟೋ ಜನ ನಿಮ್ಮತ್ರ ನಾಲ್ಗೆ ಸುಟ್ಕೊಂಡವ್ರೆ. ನಂಗೆ ಕೇಳೋಕೆ ನಾಚ್ಕೆ, ಅದಕ್ಕೇ ಮನೆಯಿಂದ್ಲೇ ತಂದೆ."

ಬಾಗಿಲ ಹಿಂದೆ ನಾದಿನಿ ನನ್ನ ಕೈ ಹಿಂಡಿದಳು. ಚಿಕ್ಕಮಾವನ ಎಡ ಹುಬ್ಬು ಕೂದಲಿನ ಗಡಿ ಮುಟ್ಟಿತು.

"ತನಗೇನು ಬರಲ್ಲ ಅಂತ ಗೊತ್ತು. ಅದಕ್ಕೆ ತಯಾರಿನೂ ಮಾಡ್ಕೊಂಡವ್ನೆ" ಎಂದು ಗೋಡೆಗೆ ಹೇಳಿದರು. ಬಳಿಕ ನನ್ನತ್ತ ತಿರುಗಿ, "ಕೇಸರಿಬಾತ್ ತಗೊಂಬಾಮ್ಮ. ಸ್ಪೂನ್ ಸಮೇತ!"

ಅವರು ತೀರಿಕೊಳ್ಳುವ ಹಿಂದಿನ ದಿನ, ಆಸ್ಪತ್ರೆಯಲ್ಲಿ ಡಾಕ್ಟರು ಏನೋ ಹೇಳಿ ಹೊರಟಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಡಾಕ್ಟ್ರೇ, ಅವ್ರಿಗೆ ನೋವಾಗ್ತಿದೆ. ಅದಕ್ಕೆ ಏನಾದ್ರೂ ಕೊಟ್ಟೇ ಹೋಗ್ಬೇಕು." ಕೊಟ್ಟರು.

ಸ್ವಲ್ಪ ಹೊತ್ತಿಗೆ ಚಿಕ್ಕಮಾವ ಕಣ್ಣು ತೆರೆದು ನನ್ನನ್ನೇ ನೋಡಿದರು. ಎಡ ಹುಬ್ಬು ಇಳಿದು ಬಲ ಹುಬ್ಬಿನ ಸಮಕ್ಕೆ ಬಂದಿತ್ತು. ಪಾಸಾದೆ ಅಂತಲೇ ನಾನು ಅಂದುಕೊಂಡಿದ್ದೇನೆ.