ಮೂಸಿ ನೋಡಿದ ಹುರುಳಿ ಸಾರು

ಹೊನ್ನಾಳಿಯ ನಮ್ಮ ಅಡುಗೆಮನೆಯ ಗೂಡಿನಲ್ಲಿ, ಸ್ಟೀಲ್ ಲೋಟಗಳ ಸಾಲಿಗೆ ಯಾವ ರೀತಿಯಲ್ಲೂ ಹೊಂದದೆ, ಉದ್ದ ಕಾಲಿನ ಒಂದು ಗಾಜಿನ ಲೋಟ ನಿಂತಿದೆ. ಕೊಂಡು ತಂದದ್ದು ಎರಡು. ಇನ್ನೊಂದು ಒಡೆಯಿತೇ ಎಂದು ಕೇಳಿದವರಿಗೆ ನನ್ನ ಹೆಂಡತಿ ಶೈಲಾ, "ಇಲ್ಲ, ಅದಕ್ಕೆ ಒಳ್ಳೆ ಕಡೆ ಕೆಲಸ ಸಿಕ್ಕೈತೆ" ಎನ್ನುತ್ತಾಳೆ. ಆ ಕೆಲಸ ಯಾವುದೆಂದು ನಿಮಗೆ ಹೇಳಬೇಕು.

ನಾನು ನ್ಯಾಮತಿಯಲ್ಲಿ ಮೇಷ್ಟ್ರು. ಹೋದ ದಸರಾ ರಜೆಯಲ್ಲಿ, ಮಕ್ಕಳ ಉತ್ತರಪತ್ರಿಕೆಗಳಿಂದ ತಪ್ಪಿಸಿಕೊಂಡು, ವಿಜಯಪುರದ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ ಇಬ್ಬರೂ ಮೂರು ದಿನ ಉಳಿದೆವು. ಕಡಕ್ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು, ಸಂಜೆಗೆ ಅದೇ ತೋಟದ ಕೆಂಪು ವೈನು. ಅದನ್ನು ಗಟಗಟ ಕುಡಿಯಬಾರದಂತೆ. ಲೋಟವನ್ನು ಮೆಲ್ಲಗೆ ತಿರುಗಿಸಬೇಕು, ಮೂಗನ್ನು ಒಳಗಿಟ್ಟು ನಿಧಾನವಾಗಿ ಉಸಿರೆಳೆಯಬೇಕು, ಬಂದ ಪರಿಮಳಗಳನ್ನು ಒಂದೊಂದಾಗಿ ಹೆಸರಿಸಬೇಕು. ಮೊದಲ ದಿನ ನನಗೆ ದ್ರಾಕ್ಷಿಯ ಹೊರತು ಏನೂ ಸಿಗಲಿಲ್ಲ. ಮೂರನೆಯ ದಿನ ನೇರಳೆ, ಲವಂಗ, ಹಳೇ ಮರದ ಪೆಟ್ಟಿಗೆ ಎಂದೆಲ್ಲ ಪಟ್ಟಿ ಒಪ್ಪಿಸುವಷ್ಟು ಪಳಗಿದೆ. ಬೆಳಗಿನ ಚಹವನ್ನೂ ತಿರುಗಿಸಿ ಮೂಸತೊಡಗಿದಾಗ ಶೈಲಾ, "ರೀ, ಇದು ಹಿಂಗೇ ಮುಂದುವರಿದ್ರೆ ನಿಮ್ಮ ಜೊತೆ ಹೋಟ್ಲಿಗೆ ಬರಾಕೆ ಆಗಲ್ಲ" ಎಂದಳು. ನಾನು ಅವಳ ಮಾತು ಕೇಳಬೇಕಿತ್ತು.

ಒಂದು ಬಾಟಲಿ, ಎರಡು ಲೋಟ ಕಟ್ಟಿಕೊಂಡು, ರಜೆಯ ಕೊನೆಯ ಎರಡು ದಿನಕ್ಕೆಂದು ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ, ನನ್ನ ಅಕ್ಕ ಗಂಗಕ್ಕನ ಮನೆಗೆ ಬಂದೆವು. ಗಂಗಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನನಗೆ ಬುದ್ಧಿ ಬರುವ ಮೊದಲೇ ಅವ್ವ ಹೋದಳು. ಆದ್ದರಿಂದ ಅವ್ವನ ಕೈರುಚಿ ಎಂದು ಜನ ಹೇಳುವುದೆಲ್ಲ ನನ್ನ ಪಾಲಿಗೆ ಅಕ್ಕನ ಕೈರುಚಿಯೇ. ಆ ಓಣಿಯಲ್ಲಿ ಮದುವೆಯಿರಲಿ, ತೊಟ್ಟಿಲಿರಲಿ, ಸಾರಿಗೆ ಒಗ್ಗರಣೆ ಬೀಳುವುದು ಅವಳು ಬಂದ ಮೇಲೆಯೇ. ಚನ್ನಗಿರಿ ಕಡೆಯ ಕೆರೆಬಿಳಚಿಯಿಂದ ಬಂದ ಶೈಲಾ, ಅನ್ನವಿಲ್ಲದಿದ್ದರೆ ಊಟವೇ ಅಲ್ಲ ಎನ್ನುತ್ತಿದ್ದವಳು, ಮುದ್ದೆ ನುಂಗಲು ಕಲಿತದ್ದೂ ಅಕ್ಕನ ಹುರುಳಿಕಟ್ಟಿನ ಸಾರಿನ ಆಸೆಗೆ.

ನಾವು ಬಂದ ದಿನವೂ ಬಿಸಿ ಮುದ್ದೆ, ಹುರುಳಿ ಸಾರು. ಸಾರು ಹಿಂದಿನ ದಿನದ್ದು. ಮರುದಿನ ಕುದಿಸಿದಾಗಲೇ ಅದಕ್ಕೆ ಪೂರ್ತಿ ರುಚಿ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಕ್ಕ ಬಟ್ಟಲು ಮುಂದಿಟ್ಟಳು. ನನ್ನ ಕೈ ತಾನಾಗಿ ಅದನ್ನೆತ್ತಿ ತಿರುಗಿಸಿತು, ಮೂಗು ಬಗ್ಗಿತು, ಕಣ್ಣು ಮುಚ್ಚಿತು.

ನಮ್ಮ ಮನೆಗಳಲ್ಲಿ ಬಡಿಸಿದ ಅನ್ನವನ್ನು ಮೂಸುವುದಿಲ್ಲ. ಎಡೆಗಿಡುವ ಮುಂಚೆ ಮೂಸಿದರೆ ಅದು ಎಂಜಲು. ಎಲೆಯ ಮುಂದೆ ಕೂತು ಮೂಸಿದರೆ, ಇದು ಹಳಸಿದೆ ಎಂದು ಬಡಿಸಿದವರ ಮುಖಕ್ಕೇ ಹೇಳಿದ ಹಾಗೆ. ಚಿಕ್ಕಂದಿನಲ್ಲಿ ಇದೇ ತಪ್ಪಿಗೆ ಅಕ್ಕನಿಂದಲೇ ತಲೆಗೆ ಮೊಟಕಿಸಿಕೊಂಡವನು ನಾನು. ಕಣ್ಣು ತೆರೆದಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ಕೊಡಿಲ್ಲಿ ತಮ್ಮಾ. ಮೊಸರು ಹಾಕ್ತೀನಿ, ಅದ್ರಾಗೆ ಉಣ್ಣು."

ಬೈದಿದ್ದರೆ ನಕ್ಕು ಸಮಾಧಾನ ಮಾಡುತ್ತಿದ್ದೆ. ಅವಳು ಬೈಯಲಿಲ್ಲ. ನಾನು ಹಾಗಲ್ಲ, ಹೀಗೆ ಎಂದು ತೊದಲುತ್ತಿರುವಾಗಲೇ ಸಾರಿನ ಗಡಿಗೆಯನ್ನು ಹಿತ್ತಿಲಿಗೊಯ್ದು ಎಮ್ಮೆಯ ಮುಸುರೆಗೆ ಸುರಿದು ಬಂದಳು.

ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಹಾಲು ಸೀದ ಕಮರು ವಾಸನೆ ಮನೆಯೆಲ್ಲ ತುಂಬಿತು. ಓಡಿ ಹೋಗಿ ನೋಡಿದರೆ, ಒಲೆಗೆ ಬೆನ್ನು ಹಾಕಿ, ಮೂರು ಮಾರು ದೂರದಲ್ಲಿ, ಅಕ್ಕ ನಿಶ್ಚಿಂತೆಯಿಂದ ಶೇಂಗಾ ಬಿಡಿಸುತ್ತಿದ್ದಳು. ನಾನು ಪಾತ್ರೆ ಇಳಿಸಿದಾಗಲೇ ಅವಳು ತಿರುಗಿದ್ದು. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ ಹೇಳಿದಳು:

"ಊರಿಗೆ ಊರೇ ಮಲಗಿದ ವರ್ಷ ನನಗೂ ಜ್ವರ ಬಂದಿತ್ತಲ್ಲ, ಅವತ್ತಿಂದ ಮೂಗಿಗೆ ಏನೂ ಗೊತ್ತಾಗಲ್ಲ ಕಣೋ. ಉಪ್ಪು ಖಾರ ನಾಲಿಗ್ಗೆ ಸಿಗ್ತಾವೆ, ಅಷ್ಟೇಯ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಒಲೆ ಮುಂದೆ ಕುಂದ್ರಾಕೆ ಯಾರು ಬಿಡ್ತಾರೆ? ನಿನ್ನೆ ನೀನು ಮೂಸಿದ್ಯಲ್ಲ, ಇವತ್ತಿಗೆ ನನ್ನ ಅಡಿಗೆ ಮುಗೀತು ಅಂದ್ಕಂಡೆ."

ಗೆಳೆಯರೇ, ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ನಾವು ಹೊಗಳುತ್ತ ಚಪ್ಪರಿಸಿದ ಊಟವನ್ನೆಲ್ಲ ಅವಳು ಇಷ್ಟು ದಿನ ಬರೀ ನೆನಪಿನಿಂದ ಬೇಯಿಸಿದ್ದಳು. ಸಾರು ಹಳಸಿರಲಿಲ್ಲವೆಂದು ನಾನು ಎಷ್ಟು ಹೇಳಿದರೂ, ತಮ್ಮ ತನ್ನನ್ನು ಸಮಾಧಾನ ಮಾಡುತ್ತಿದ್ದಾನೆ ಎಂದೇ ಅವಳ ಎಣಿಕೆ.

ಸಂಜೆ ಬಾಟಲಿ ತೆಗೆದೆ. ದೇವರಿರುವ ಮನೆ, ಒಳಗೆ ಬೇಡವೆಂದು ಅಕ್ಕ ಹಿತ್ತಿಲ ಕಟ್ಟೆಯ ಮೇಲೆ ಚಾಪೆ ಹಾಸಿ, ಬೇಯಿಸಿದ ಹಸಿ ಶೇಂಗಾವನ್ನು ಮೊರದ ತುಂಬ ತಂದಿಟ್ಟು, ತಾನು ಒಂದು ಮಾರು ಸರಿದು ಕೂತಳು. ಉಪ್ಪು ಹೀರಿದ ಶೇಂಗಾಕ್ಕೂ ಆ ವೈನಿಗೂ ಎಷ್ಟು ಹೊಂದಿಕೆಯೆಂದರೆ, ತೋಟದವರಿಗೂ ಈ ಗುಟ್ಟು ಗೊತ್ತಿರಲಾರದು. ನಾನು ಲೋಟ ತಿರುಗಿಸಿ ಮೂಸಿ, ನೇರಳೆ, ಲವಂಗ ಎಂದು ಹೇಳುತ್ತಿದ್ದುದನ್ನು ಅಕ್ಕ ಕಿವಿಗೊಟ್ಟು ಕೇಳಿದಳು. "ಇಷ್ಟೆಲ್ಲ ಸಿಗ್ತಾವಾ ನಿನಗೆ?" ಎಂದಳು. ಶೈಲಾ, "ಅರ್ಧ ಸುಳ್ಳು, ಅಕ್ಕ" ಎಂದಳು. ಮೂವರೂ ನಕ್ಕೆವು.

ಬೆಳಿಗ್ಗೆ ನಾವು ಬಸ್ಸಿಗೆ ಹೊರಟು ನಿಂತಾಗ ಅಕ್ಕ ಒಳಗಿನಿಂದ ಬಂದಳು. ಕೈಯಲ್ಲಿ ಉದ್ದ ಕಾಲಿನ ಲೋಟ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದದ್ದು; ಅದರಲ್ಲಿ ಎರಡು ಬೆರಳಷ್ಟು ಹೊಸ ಹುರುಳಿ ಸಾರು, ಹೊಗೆಯಾಡುತ್ತಿತ್ತು.

"ಮೂಸಿ ಹೇಳು. ಸುಳ್ಳು ಹೇಳಬ್ಯಾಡ."

ಲೋಟ ತಿರುಗಿಸಿದೆ. ಸುಟ್ಟ ಬೆಳ್ಳುಳ್ಳಿ ಬಂತು, ಹುರಿದ ಕೊತ್ತಂಬರಿ ಬಂತು, ಹಿಂದಿನಿಂದ ಹುರುಳಿ ಬಡಿಯುವ ಕಣದ ಧೂಳು ಬಂತು. ಜೀರಿಗೆ ಒಂದಿಷ್ಟು ಹೆಚ್ಚು ಸೀದಿತ್ತು; ಅದನ್ನೂ ಹೇಳಿದೆ. ಅಷ್ಟು ಹೊತ್ತೂ ಬಿಗಿಹಿಡಿದಿದ್ದ ಅವಳ ಮುಖ ಸಡಿಲವಾದದ್ದು ಈ ಕೊನೆಯ ಮಾತಿಗೆ. ಸಾರಿನ ತಪ್ಪನ್ನೂ ಹೇಳಿದ ಮೇಲೆ, ಉಳಿದದ್ದೂ ನಿಜವೆಂದು ನಂಬಿದಳು.

ಆ ಲೋಟ ಬಿಳಿಚೋಡಿನಲ್ಲೇ ಉಳಿಯಿತು. ಈಗ ಅಲ್ಲಿಗೆ ಹೋದಾಗಲೆಲ್ಲ ಮೊದಲು ಅದು ಸಾರು ಹೊತ್ತು ನನ್ನ ಕೈಗೆ ಬರುತ್ತದೆ, ಮುದ್ದೆ ಆಮೇಲೆ. ಇಲ್ಲಿಯದು ಗೂಡಿನಲ್ಲಿ ಸುಮ್ಮನೆ ನಿಂತಿದೆ. ಒಮ್ಮೊಮ್ಮೆ ಅದನ್ನೆತ್ತಿ ಮೂಸಿ ನೋಡುತ್ತೇನೆ, ಖಾಲಿ ಲೋಟದಲ್ಲೂ ಬೆಳ್ಳುಳ್ಳಿ ಬರುತ್ತದೆ.